ಗಾಳಿಗೆ ಕಾದವರು ಕಟ್ಟಿದ ಊರು

ಮಳೆಗಾಲ ಕಳೆದು ಕಡಲು ತಿಳಿಯಾದ ಮೇಲೆ ಪಣಂಬೂರಿನ ನವಮಂಗಳೂರು ಬಂದರಿಗೆ ಪ್ರವಾಸಿ ಹಡಗುಗಳು ಬರಲು ತೊಡಗುತ್ತವೆ. ಗೋವೆಯಿಂದಲೋ ಕೊಚ್ಚಿಯಿಂದಲೋ ರಾತ್ರಿ ಹೊರಟ ಹಡಗು ಬೆಳಗ್ಗೆ ಧಕ್ಕೆ ಸೇರುತ್ತದೆ, ಸಂಜೆಗೆ ಮತ್ತೆ ಹೊರಡುತ್ತದೆ. ನಡುವಿನ ಗಂಟೆಗಳಲ್ಲಿ ಪಾಸ್‌ಪೋರ್ಟ್, ವೀಸಾ ತಪಾಸಣೆಗೆ ಒಂದಿಷ್ಟು ಹೊತ್ತು ಹೋಗುತ್ತದೆ. ಉಳಿದ ಹೊತ್ತಿನಲ್ಲಿ ಬಸ್ಸುಗಳು ಪ್ರಯಾಣಿಕರನ್ನು ಕದ್ರಿ, ಕುದ್ರೋಳಿ ದೇವಸ್ಥಾನಗಳಿಗೆ, ಸಂತ ಅಲೋಶಿಯಸ್ ಚಾಪೆಲ್‌ಗೆ, ಸಮಯ ಮಿಕ್ಕರೆ ಮೂಡುಬಿದಿರೆಯ ಸಾವಿರ ಕಂಬದ ಬಸದಿಗೆ ಕರೆದೊಯ್ಯುತ್ತವೆ. ಎಲ್ಲವೂ ನೋಡತಕ್ಕ ಜಾಗಗಳೇ. ಕದ್ರಿಯ ಲೋಕೇಶ್ವರನ ಕಂಚಿನ ವಿಗ್ರಹ 968ರದು. ಚಾಪೆಲ್‌ನ ಗೋಡೆ, ಮಾಡುಗಳ ತುಂಬ ಆಂಟೋನಿಯೊ ಮೊಸ್ಕೇನಿಯ ಚಿತ್ರಗಳಿವೆ. ಆದರೆ ಕಡಲ ದಾರಿಯಿಂದ ಬಂದರು ಊರೊಂದಕ್ಕೆ ಬಂದವರು ಆ ಊರಿನ ಬಂದರನ್ನೇ, ಮಂಗಳೂರಿನ ಜನ ಇವತ್ತಿಗೂ ‘ಬಂದರ್’ ಎಂದಷ್ಟೇ ಕರೆಯುವ ಹಳೇ ಪೇಟೆಯನ್ನೇ, ನೋಡದೆ ಹಡಗು ಹತ್ತುವುದು ಸಾಮಾನ್ಯವಾಗಿದೆ. ಪ್ರವಾಸದ ಪಟ್ಟಿಗೆ ಇನ್ನೊಂದು ಜಾಗ ಸೇರಿಸಿದರೆ ಈ ಕೊರತೆ ತುಂಬುವುದಿಲ್ಲ. ಬಂದರು ಊರು ಹೇಗೆ ಹುಟ್ಟುತ್ತದೆ ಎಂಬುದರ ಬಗ್ಗೆ ನಮ್ಮಲ್ಲೇ ಇರುವ ಒಂದು ಅರೆತಿಳಿವಳಿಕೆ ಇದರ ಹಿಂದಿದೆ. ಹಡಗುಗಳು ಬಂದು ಹೋದದ್ದರಿಂದ ಊರು ಬೆಳೆಯಿತು ಎಂದು ನಾವು ಭಾವಿಸುತ್ತೇವೆ. ಮಂಗಳೂರಿನ ಚರಿತ್ರೆಯನ್ನು ಹತ್ತಿರದಿಂದ ನೋಡಿದರೆ ಬೇರೆಯೇ ಚಿತ್ರ ಕಾಣುತ್ತದೆ. ಹಡಗುಗಳು ಓಡಾಡಿದ ದಿನಗಳಿಗಿಂತ ಅವು ಹೊರಡಲಾರದೆ ನಿಂತ ತಿಂಗಳುಗಳು ಈ ಊರಿಗೆ ಹೆಚ್ಚು ಆಕಾರ ಕೊಟ್ಟಿವೆ ಎಂಬುದು ಇಲ್ಲಿಯ ವಾದ.

ಹಾಯಿ ಹಡಗಿನ ಕಾಲದಲ್ಲಿ ಪಶ್ಚಿಮ ಕರಾವಳಿಯ ಪಂಚಾಂಗ ಬರೆದದ್ದು ಗಾಳಿ. ಜೂನ್‌ನಿಂದ ಆಗಸ್ಟ್‌ವರೆಗೆ ನೈರುತ್ಯದ ಮಾರುತ ಅಪ್ಪಳಿಸುವಾಗ ಇಲ್ಲಿಯ ಅಳಿವೆಗಳೊಳಗೆ ಹಡಗು ನುಗ್ಗಿಸುವ ಧೈರ್ಯ ಯಾವ ನಾಖುದಾನಿಗೂ ಇರಲಿಲ್ಲ. ಏಡನ್ನಿನಿಂದ, ಪಾರಸಿ ಕೊಲ್ಲಿಯಿಂದ ಹೊರಡುವ ಹಡಗು ಆ ಮಾರುತದ ಬಿರುಸು ಇಳಿದ ಮೇಲೆ ಅದರ ಕೊನೆಯ ಬೀಸನ್ನು ಹಿಡಿದು ಸೆಪ್ಟೆಂಬರ್, ಅಕ್ಟೋಬರ್ ಹೊತ್ತಿಗೆ ಈ ತೀರ ಮುಟ್ಟಬೇಕು. ಹಿಂದಿರುಗಬೇಕಾದರೆ ಈಶಾನ್ಯದ ಗಾಳಿ ನೆಲೆಯೂರಬೇಕು. ಈಗ ಘಟ್ಟದ ಕಡೆಯ ಲೆಕ್ಕ ನೋಡಿ. ಹಡಗುಗಳು ಯಾವುದಕ್ಕಾಗಿ ಬರುತ್ತಿದ್ದವೋ ಆ ಕರಿಮೆಣಸು ಬಳ್ಳಿಯಲ್ಲಿ ಹಣ್ಣಾಗಿ, ಕೊಯ್ದು, ಒಣಗಿ ಕೈಗೆ ಬರುವುದು ಡಿಸೆಂಬರ್ ಕಳೆದ ಮೇಲೆಯೇ. ಹಡಗು ಬರುವ ಕಾಲಕ್ಕೂ ಬೆಳೆ ಬರುವ ಕಾಲಕ್ಕೂ ಹೊಂದಿಕೆಯಿಲ್ಲ. ಹೀಗಾಗಿ ಎರಡೇ ದಾರಿ ಉಳಿಯುತ್ತವೆ. ಕೊಳ್ಳುವವನು ಹೊಸ ಬೆಳೆಗಾಗಿ ತಿಂಗಳುಗಟ್ಟಲೆ ಊರಿನಲ್ಲಿ ಬೀಡುಬಿಡಬೇಕು; ಇಲ್ಲವೇ ಅವನ ಕಡೆಯವರು ಯಾರಾದರೂ ಕಳೆದ ವರ್ಷದ ಮೆಣಸನ್ನು ಕೊಂಡು, ಮಳೆಗಾಲ ಪೂರ್ತಿ ಕಾಪಾಡಿ, ಹಡಗು ಬಂದ ದಿನ ಕೊಡಲು ಸಿದ್ಧವಾಗಿರಬೇಕು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ನೆಲದಲ್ಲಿ ಒಣ ಸರಕನ್ನು ಬೂಸಲು ಹಿಡಿಯದಂತೆ ಇಡುವುದು ಸಣ್ಣ ಕೆಲಸವಲ್ಲ. ಎತ್ತರದ ತಳಪಾಯ, ದಪ್ಪ ಗೋಡೆ, ಗಾಳಿಯಾಡುವ ಅಟ್ಟ, ದಿನವೂ ಕಣ್ಣಿಡುವ ಮನುಷ್ಯ, ಇವೆಲ್ಲ ಬೇಕು. ಎರಡು ದಾರಿಗಳಲ್ಲಿ ಯಾವುದನ್ನು ಹಿಡಿದರೂ ಊರಿನಲ್ಲಿ ನಿಲ್ಲುವವನೊಬ್ಬ ಬೇಕೇ ಬೇಕು. ನಿಂತವನಿಗೆ ಮನೆ ಬೇಕು, ತನ್ನ ಆಚಾರಕ್ಕೆ ಹೊಂದುವ ಅಡಿಗೆ ಬೇಕು, ಪ್ರಾರ್ಥನೆಗೆ ಜಾಗ ಬೇಕು, ಜಗಳವಾದರೆ ನ್ಯಾಯ ಹೇಳುವವರು ಬೇಕು, ಸತ್ತರೆ ಹೂಳಲು ನೆಲ ಬೇಕು. ಬಂದರು ಊರಿನ ಕೇರಿಗಳ ಬೇರು ಇರುವುದು ಈ ಅಗತ್ಯಗಳಲ್ಲಿ.

ಇದಕ್ಕೆ ಅತಿ ಗಟ್ಟಿಯಾದ ಸಾಕ್ಷ್ಯ ದೊರೆತದ್ದು ಮಂಗಳೂರಿನಿಂದ ಬಹಳ ದೂರದಲ್ಲಿ, ಹಳೆಯ ಕೈರೋದ ಬೆನ್ ಎಜ್ರಾ ಸಿನಗಾಗ್‌ನಲ್ಲಿ. ದೇವರ ಹೆಸರು ಬರೆದಿರಬಹುದಾದ ಕಾಗದವನ್ನು ನಾಶಮಾಡಬಾರದೆಂಬ ನೇಮದಿಂದ ಅಲ್ಲಿಯ ಯೆಹೂದಿಗಳು ಶತಮಾನಗಳ ಕಾಲ ಒಂದು ಕೋಣೆಯಲ್ಲಿ ತುಂಬಿಟ್ಟ ಪತ್ರಗಳು, ಲೆಕ್ಕಗಳು 19ನೆಯ ಶತಮಾನದ ಕೊನೆಗೆ ವಿದ್ವಾಂಸರ ಕೈಸೇರಿದವು. ಅವುಗಳಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ವರ್ತಕನ ಕಾಗದಗಳೂ ಇದ್ದವು. ಟುನೀಸಿಯಾದ ಮಹದಿಯಾದಲ್ಲಿ ಹುಟ್ಟಿದ ಈತ 1132ರ ಹೊತ್ತಿಗಾಗಲೇ ಮಂಗಳೂರಿನಲ್ಲಿದ್ದ. 1149ರಲ್ಲಿ ಏಡನ್ನಿಗೆ ಮರಳುವ ತನಕ ಅವನ ಬದುಕಿನ ನೆಲೆ ಈ ಕರಾವಳಿಯೇ. ಎಸ್. ಡಿ. ಗೊಯ್ಟೈನ್ ಈ ಕಾಗದಗಳನ್ನು ಓದಿ ಜೋಡಿಸಿದರು. ಆಮೇಲೆ ಅಮಿತಾವ್ ಘೋಷ್ ಅವರು 1992ರ ತಮ್ಮ ಪುಸ್ತಕದಲ್ಲಿ ಬೆನ್ ಯಿಜುವಿನ ಆಳು ಬೊಮ್ಮನ ಜಾಡು ಹಿಡಿದು ಹೋದರು. ಆ ಹೆಸರನ್ನು ತುಳುನಾಡಿನ ಹಿನ್ನೆಲೆಯಲ್ಲಿ ಅರ್ಥಮಾಡಿಕೊಳ್ಳಲು ಅವರಿಗೆ ನೆರವಾದವರಲ್ಲಿ ನಮ್ಮ ಬಿ. ಎ. ವಿವೇಕ ರೈ ಅವರೂ ಒಬ್ಬರು. ಈ ಕಾಗದಗಳಲ್ಲಿ ಕಾಣುವ ವರ್ತಕ ಸರಕು ಹೇರಿಕೊಂಡು ಹೋಗಿಬರುವವನಲ್ಲ, ಒಂದು ಕಡೆ ಕೂತವನು. ಅವನಿಗೆ ಇಲ್ಲಿ ಕಂಚಿನ ಕೆಲಸದ ಕಾರ್ಖಾನೆಯಿತ್ತು. ಏಡನ್ನಿನ ಗೆಳೆಯರು ತಾಮ್ರವನ್ನೂ ಒಡೆದ ಹಳೆಯ ಪಾತ್ರೆಗಳನ್ನೂ ಕಳಿಸಿ, ಇಂಥ ಆಕಾರದ, ಇಷ್ಟು ತೂಕದ ಪಾತ್ರೆ ಮಾಡಿಸಿ ಕಳಿಸು ಎಂದು ಬರೆಯುತ್ತಿದ್ದರು. ಮೆಣಸು, ಏಲಕ್ಕಿ, ಅಡಕೆ, ಕಬ್ಬಿಣ ಇಲ್ಲಿಂದ ಹೋಗುತ್ತಿದ್ದವು. ಸಕ್ಕರೆ, ಒಣದ್ರಾಕ್ಷಿ, ಸಾಬೂನು, ಬರೆಯಲು ಕಾಗದ ಅಲ್ಲಿಂದ ಬರುತ್ತಿದ್ದವು. ಏಲಕ್ಕಿಗಾಗಿ ಮುಂಗಡ ಕೊಟ್ಟು, ಮುಂಗಡ ಪಡೆದವನು ಸರಕು ಕೊಡದೆ ಸತಾಯಿಸಿದ ಪ್ರಸಂಗವೊಂದು ಈ ಪತ್ರಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ನನಗೆ ಆ ಪ್ರಸಂಗವೇ ಎಲ್ಲಕ್ಕಿಂತ ಮುಖ್ಯವಾಗಿ ಕಾಣುತ್ತದೆ. ಬೆಳೆಗೆ ಮೊದಲೇ ಮುಂಗಡ ಕೊಡುವುದು ಕೊಯ್ಲಿನ ತನಕ ಊರಿನಲ್ಲಿರುವವನಿಗೆ ಮಾತ್ರ ಸಾಧ್ಯ. ಬೆಳಗ್ಗೆ ಬಂದು ಸಂಜೆ ಹೋಗುವವನ ವ್ಯಾಪಾರ ಕೈಗೆ ಕೈ. ನಿಂತವನ ವ್ಯಾಪಾರ ನಂಬಿಕೆಯದು, ಸಾಲದ್ದು, ತಗಾದೆಯದು. ಇವು ಇರುವ ಕಡೆ ಮಾತ್ರ ಪೇಟೆ ಊರಾಗುತ್ತದೆ.

ಬೆನ್ ಯಿಜು ಇಲ್ಲಿ ಸಂಸಾರವನ್ನೂ ಹೂಡಿದ. 1132ರ ಅಕ್ಟೋಬರ್ 17ರಂದು ಮಂಗಳೂರಿನಲ್ಲಿ ಅವನು ಅಶು ಎಂಬ ದಾಸಿಗೆ ಬಿಡುಗಡೆ ಕೊಟ್ಟ ಪತ್ರ ಉಳಿದುಬಂದಿದೆ. ಅವನ ಮಕ್ಕಳ ತಾಯಿ ಆಕೆಯೇ ಎಂದು ವಿದ್ವಾಂಸರು ತಿಳಿಯುತ್ತಾರೆ. ಕಾಯುವಿಕೆಯಿಂದ ಊರು ಕಟ್ಟಿತು ಎನ್ನುವಾಗ ಅಶುವನ್ನೂ ಬೊಮ್ಮನನ್ನೂ ಮರೆಯಬಾರದು. ಊರು ಕಟ್ಟಿದ ಕೈಗಳಲ್ಲಿ ಸ್ವಂತ ಇಚ್ಛೆಯಿಂದ ಬಂದು ಸೇರದ ಕೈಗಳೂ ಇದ್ದವು. ಬೊಮ್ಮ ಮಾಲೀಕನ ಪರವಾಗಿ ಏಡನ್ನಿನವರೆಗೆ ಸರಕು ಕೊಂಡೊಯ್ದವನು. ಅಲ್ಲಿಯ ದೊಡ್ಡ ವರ್ತಕರು ತಮ್ಮ ಪತ್ರಗಳ ಕೊನೆಗೆ ಅವನ ಹೆಸರೆತ್ತಿ ಕ್ಷೇಮ ಕೇಳುತ್ತಿದ್ದರು. ಅವನೇ ಬರೆದ ಒಂದು ಸಾಲೂ ಉಳಿದಿಲ್ಲ.

ಇನ್ನೂರು ವರ್ಷಗಳ ನಂತರ, 1342ರ ಸುಮಾರಿಗೆ, ದಿಲ್ಲಿಯ ಮಹಮ್ಮದ್ ಬಿನ್ ತುಘಲಕನ ರಾಯಭಾರಿಯಾಗಿ ಚೀನಾಕ್ಕೆ ಹೊರಟಿದ್ದ ಇಬ್ನ್ ಬತೂತ ಇಲ್ಲಿ ಇಳಿಯುತ್ತಾನೆ. ಪಾರಸಿ ಮತ್ತು ಯೆಮೆನ್ ದೇಶಗಳ ವರ್ತಕರಲ್ಲಿ ಹೆಚ್ಚಿನವರು ಇಳಿಯುವುದು ಈ ಊರಿನಲ್ಲಿ, ಮೆಣಸು ಶುಂಠಿ ಇಲ್ಲಿ ಯಥೇಚ್ಛ, ಊರ ಮಗ್ಗುಲಲ್ಲೇ ಒಂದು ಕೇರಿಯಲ್ಲಿ ಸುಮಾರು 4,000 ಮುಸ್ಲಿಮರು ನೆಲೆಸಿದ್ದಾರೆ ಎಂದು ಅವನು ಹೇಳುತ್ತಾನೆ. ಅವರಿಗೂ ಊರವರಿಗೂ ಆಗಾಗ ಹೊಡೆದಾಟವಾಗುತ್ತದೆ, ಆದರೆ ವರ್ತಕರು ಬೇಕಾಗಿರುವುದರಿಂದ ಅರಸ ರಾಜಿ ಮಾಡಿಸುತ್ತಾನೆ ಎಂಬ ಮಾತನ್ನೂ ಸೇರಿಸುತ್ತಾನೆ. ಅವನು ಕೊಡುವ ಇನ್ನೊಂದು ವಿವರ ಇದಕ್ಕಿಂತ ಕುತೂಹಲದ್ದು. ಊರಿನ ಕಾಜಿ ಬದ್ರುದ್ದೀನ್ ಹಡಗಿಗೆ ಬಂದು ಇಳಿಯಿರಿ ಎಂದು ಕರೆದಾಗ, ಅರಸನ ಮಗನನ್ನು ಒತ್ತೆಯಾಗಿ ಹಡಗಿಗೆ ಕಳಿಸಿದರೆ ಮಾತ್ರ ಇಳಿಯುತ್ತೇವೆ ಎಂದು ಇವರು ಪಟ್ಟು ಹಿಡಿದರು. ಬಾರಕೂರಿನಲ್ಲಿ ಹಾಗೆ ಮಾಡಿಯೇ ಬಂದಿದ್ದರು. ಅಲ್ಲಿಯ ಮುಸ್ಲಿಮರಿಗೆ ಬಲವಿಲ್ಲದ್ದರಿಂದ ಅಲ್ಲಿ ಒತ್ತೆ ಬೇಕಾಯಿತು, ಇಲ್ಲಿ ಅರಸನೇ ನಮಗೆ ಅಂಜುತ್ತಾನೆ ಎಂದು ಕಾಜಿ ಒತ್ತಿ ಹೇಳಿದ. ಇವರು ಒಪ್ಪಲಿಲ್ಲ, ಅರಸನ ಮಗ ಬಂದ ಮೇಲೆಯೇ ಇಳಿದರು. ಕಡಲಿನಿಂದ ಬಂದವನಿಗೂ ಊರಿನಲ್ಲಿ ನೆಲೆಸಿದವನಿಗೂ ಇರುವ ಅಂತರ ಈ ಒಂದು ಮಾತುಕತೆಯಲ್ಲಿ ಸ್ಪಷ್ಟವಾಗಿದೆ. ಬಂದವನಿಗೆ ಭದ್ರತೆಗೆ ಒತ್ತೆ ಬೇಕು. ನೆಲೆಸಿದವನಿಗೆ ಊರೇ ಭದ್ರತೆ. ನಾಲ್ಕು ಸಾವಿರವೆಂಬ ಅಂಕಿಯನ್ನು ಯಥಾವತ್ತಾಗಿ ನಂಬಬೇಕಿಲ್ಲ. ಆ ಕಾಲದ ಪ್ರವಾಸಿಗಳ ಎಣಿಕೆ ಅಂದಾಜಿನದು. ಆದರೆ ಕಾಜಿಯಿದ್ದ, ಅರಸ ಎದುರಿಸಬೇಕಾದಷ್ಟು ಬಲವಿದ್ದ ಒಂದು ಕೇರಿ ಕೆಲವು ಹಡಗುಗಳ ಓಡಾಟದಿಂದ ಹುಟ್ಟಿರಲಾರದು.

ಇಲ್ಲಿ ಒಂದು ಆಕ್ಷೇಪಕ್ಕೆ ಉತ್ತರ ಹೇಳಬೇಕು. ಬಂದರು ಊರನ್ನು ಕಟ್ಟಿದ್ದು ಘಟ್ಟದ ಮೇಲಿನ ಬೆಳೆ, ಗದ್ದೆಯ ಅಕ್ಕಿ, ಅದನ್ನು ಕಾದ ಅರಸುಗಳು. ವರ್ತಕರು ಕಾದದ್ದು ಅದರ ಪರಿಣಾಮವೇ ಹೊರತು ಕಾರಣವಲ್ಲ ಎನ್ನಬಹುದು. ಅಕ್ಕಿಯ ಮಹತ್ವವನ್ನು ಅಲ್ಲಗಳೆಯುವಂತಿಲ್ಲ. 16ನೆಯ ಶತಮಾನದ ಆರಂಭದಲ್ಲಿ ಪೋರ್ಚುಗೀಸ್ ಬರಹಗಾರ ಬಾರ್ಬೋಸ, 1801ರಲ್ಲಿ ಇಂಗ್ಲಿಷ್ ಕಂಪನಿಯ ಸಮೀಕ್ಷಕ ಫ್ರಾನ್ಸಿಸ್ ಬುಕಾನನ್, ಇಬ್ಬರೂ ಮಂಗಳೂರಿನಿಂದ ಹೊರಹೋಗುವ ಸರಕಿನಲ್ಲಿ ಅಕ್ಕಿಯನ್ನು ಎತ್ತಿ ಹೇಳುತ್ತಾರೆ. ಬುಕಾನನ್ ಕಾಲಕ್ಕೆ ಅದು ಗೋವೆ, ಮುಂಬಯಿ, ಮಲಬಾರಿನಿಂದ ಹಿಡಿದು ಮಸ್ಕತ್ತಿನವರೆಗೆ ಹೋಗುತ್ತಿತ್ತು. ಅರಸರ ಪಾಲೂ ಇದೆ. ಪೋರ್ಚುಗೀಸರು 1568ರಲ್ಲಿ ಇಲ್ಲಿ ಕೋಟೆ ಕಟ್ಟಿದರು. ಹೈದರ್ 1763ರಲ್ಲಿ ಊರು ಹಿಡಿದು ಹಡಗು ಕಟ್ಟುವ ಕೆಲಸಕ್ಕೆ ಕೈಹಾಕಿದ. 1783ರ ದೀರ್ಘ ಮುತ್ತಿಗೆಯ ನಂತರ, 1784ರ ಮಾರ್ಚ್ 11ರಂದು, ಟಿಪ್ಪು ಮತ್ತು ಇಂಗ್ಲಿಷರ ನಡುವಿನ ಒಪ್ಪಂದಕ್ಕೆ ಸಹಿಬಿದ್ದದ್ದು ಇದೇ ಊರಿನಲ್ಲಿ. ಆದರೆ ಬೆಳೆ ಮತ್ತು ಅರಸು, ಎರಡೂ ಬಾರಕೂರಿಗೂ ಇದ್ದವು, ಬಸರೂರಿಗೂ ಇದ್ದವು. ಸರಕು ಯಾಕೆ ಈ ಕರಾವಳಿಗೆ ಹಡಗನ್ನು ಕರೆಯಿತು ಎಂಬುದನ್ನು ಬೆಳೆ ವಿವರಿಸುತ್ತದೆ. ಕರೆದ ಮೇಲೆ ಯಾವ ರೀತಿಯ ಊರು ಎದ್ದಿತು ಎಂಬುದನ್ನು ವಿವರಿಸುವುದಿಲ್ಲ. ಇನ್ನು ಅರಸರು ಕಟ್ಟಿಸಿದ್ದರಲ್ಲಿ ಪೋರ್ಚುಗೀಸ್ ಕೋಟೆ ಈಗ ಇಲ್ಲ. ಬೋಳೂರಿನ ಸುಲ್ತಾನ್ ಬತ್ತೇರಿ ಎಂಬ ಕಾವಲು ಬುರುಜು ಮಾತ್ರ ನದಿಯತ್ತ ಮುಖಮಾಡಿ ನಿಂತಿದೆ. ಪೇಟೆಯ ಬೀದಿಗಳು ಮಾತ್ರ ಆಳುವವರು ಬದಲಾದಂತೆಲ್ಲ ಬದಲಾಗದೆ ನಡೆದುಬಂದಿವೆ. ಅದೇ ಕಾಲಕ್ಕೆ ನನ್ನ ವಾದದ ಮಿತಿಯನ್ನೂ ಹೇಳಬೇಕು. ಬಾರಕೂರು, ಬಸರೂರುಗಳಲ್ಲೂ ವರ್ತಕರು ಗಾಳಿಗೆ ಕಾದಿದ್ದರು, ಆ ಊರುಗಳ ವೈಭವ ಉಳಿಯಲಿಲ್ಲ. ಕಾಯುವಿಕೆ ಊರಿನ ಆಕಾರವನ್ನು ವಿವರಿಸುತ್ತದೆ, ಆಯುಷ್ಯವನ್ನಲ್ಲ. ಮಂಗಳೂರು ಉಳಿದದ್ದಕ್ಕೆ ನೇತ್ರಾವತಿ ಮತ್ತು ಗುರುಪುರ ನದಿಗಳು ಕೂಡಿ ಸಮುದ್ರ ಸೇರುವ ವಿಶಾಲ ಅಳಿವೆ ಒಂದು ಕಾರಣ, 1799ರ ನಂತರ ಇದು ಇಂಗ್ಲಿಷ್ ಆಡಳಿತದ ಕೇಂದ್ರವಾದದ್ದು ಮತ್ತೊಂದು.

ಹಾಗಾದರೆ ಕಾಯುವಿಕೆಯ ಗುರುತನ್ನು ಬೀದಿಯಲ್ಲಿ ಕಾಣಬಹುದೇ? ಕಾಣಬಹುದು, ಆದರೆ ನಡೆದೇ ಕಾಣಬೇಕು. ಬಂದರಿನ ಗಲ್ಲಿಗಳು ತಲೆಹೊರೆಗೆ, ಕೈಗಾಡಿಗೆ, ಎತ್ತಿನ ಗಾಡಿಗೆ ಅಳತೆಮಾಡಿ ಬಿಟ್ಟವು. ಲಾರಿಗಳೇ ಇಲ್ಲಿ ಕಷ್ಟದಿಂದ ತಿರುಗುತ್ತವೆ, ಪ್ರವಾಸಿ ಬಸ್ಸಿನ ಮಾತು ದೂರವೇ ಉಳಿಯಿತು. ಧಕ್ಕೆಯಿಂದ ಹೊರಟು ಎರಡು ಮೂರು ಕಿಲೋಮೀಟರ್ ಒಳಗೆ, ಒಂದರ ಮಗ್ಗುಲಿಗೆ ಒಂದು, ಕಾದವರ ನೆಲೆಗಳು ಸಿಗುತ್ತವೆ. ಮಾಲಿಕ್ ದೀನಾರನ ಕಾಲದ್ದೆಂದು ಪರಂಪರೆ ಹೇಳುವ, ಟಿಪ್ಪು ನವೀಕರಿಸಿದನೆನ್ನುವ ಝೀನತ್ ಬಕ್ಷ್ ಮಸೀದಿಯ ಒಳಗೆ ತೇಗದ ಕಂಬಗಳ ಕೆತ್ತನೆ ಇದೆ. ಕಲ್ಲಿನ ಗುಮ್ಮಟವನ್ನು ನಿರೀಕ್ಷಿಸಿ ಹೋದವರಿಗೆ ಘಟ್ಟದ ಮರದಲ್ಲಿ, ಇಲ್ಲಿಯ ಬಡಗಿಗಳ ಕೈಯಲ್ಲಿ ಅರಳಿದ ಪ್ರಾರ್ಥನಾ ಮಂದಿರ ಕಾಣುತ್ತದೆ. ಕಚ್ಛಿ ಮೇಮನರ ಮಸೀದಿ ಬೇರೆಯೇ ಇದೆ. ಕಛ್‌ನಿಂದ ವ್ಯಾಪಾರಕ್ಕೆ ಬಂದವರು ತಮ್ಮದೇ ಜಮಾತು ಕಟ್ಟಿಕೊಳ್ಳುವಷ್ಟು ಕಾಲ ಇಲ್ಲಿ ನಿಂತರು ಎಂಬುದಕ್ಕೆ ಬೇರೆ ದಾಖಲೆ ಬೇಕಿಲ್ಲ. ರಥಬೀದಿಯ ವೆಂಕಟರಮಣ ದೇವಸ್ಥಾನದ ಸುತ್ತ, ಗೋವೆಯಲ್ಲಿ ಪೋರ್ಚುಗೀಸರ ಒತ್ತಡ ತಾಳಲಾರದೆ ದಕ್ಷಿಣಕ್ಕೆ ಇಳಿದ ಗೌಡ ಸಾರಸ್ವತರ ಅಂಗಡಿ, ಮನೆಗಳು ಬೆಳೆದವು. ಅದೇ ಪೋರ್ಚುಗೀಸರ ಕಾಲಕ್ಕೆ ಮೂಲವಿರುವ ರೊಸಾರಿಯೊ ಇಗರ್ಜಿಯೂ ಇದೇ ನಡಿಗೆಯ ಅಳತೆಯಲ್ಲಿದೆ. ಓಡಿಸಿದವರ ದೇವಾಲಯವೂ ಓಡಿಬಂದವರ ದೇವಾಲಯವೂ ಒಂದೇ ಪೇಟೆಯ ಎರಡು ಅಂಚಿನಲ್ಲಿ ನಿಂತಿವೆ. ಬೇರೆಬೇರೆ ಬಸ್ ನಿಲುಗಡೆಗಳಾಗಿ ನೋಡಿದವರಿಗೆ ಈ ಸಾಮೀಪ್ಯ ತಿಳಿಯುವುದೇ ಇಲ್ಲ. ತುಳು, ಕೊಂಕಣಿ, ಬ್ಯಾರಿ, ಮಲಯಾಳ, ಉರ್ದು, ಕನ್ನಡ ಒಂದೇ ಮಂಡಿಯ ಜಗಲಿಯಲ್ಲಿ ಕೇಳುವುದು ಈ ಊರಿನವರಿಗೆ ಎಷ್ಟು ಸಹಜವೆಂದರೆ, ಅದಕ್ಕೊಂದು ಕಾರಣವಿರಬಹುದೆಂದು ಯಾರಿಗೂ ಅನ್ನಿಸುವುದಿಲ್ಲ.

ಬಂದರಿನ ಎದುರಿಗೆ, ನೀರಿನ ಆಚೆ ಬೆಂಗರೆ. ನದಿಗೂ ಕಡಲಿಗೂ ನಡುವೆ ಚಾಚಿದ ಈ ಹೊಯಿಗೆಯ ಪಟ್ಟಿಯೇ ಹಳೇ ಬಂದರಿಗೆ ಅಲೆಗಳಿಂದ ಮರೆ ಕೊಟ್ಟದ್ದು. ಮಳೆಗಾಲದಲ್ಲಿ ನದಿಗಳು ತಂದು ಸುರಿಯುವ ಹೂಳಿನಿಂದ ಅಳಿವೆ ಬಾಗಿಲನ್ನು ಅಪಾಯಕಾರಿ ಮಾಡಿ, ದೊಡ್ಡ ಹಡಗುಗಳನ್ನು ಹೊರಗೇ ತಡೆದದ್ದೂ ಈ ಹೊಯಿಗೆಯೇ. ಹೊರಗೆ ಲಂಗರು ಹಾಕಿದ ಹಡಗಿಗೂ ಧಕ್ಕೆಗೂ ನಡುವೆ ಸರಕು ಸಾಗಿಸುವ ದೋಣಿಗಳು, ತಂಡೇಲರು, ಖಲಾಸಿಗಳು, ಹೊರೆಯಾಳುಗಳು ಹುಟ್ಟಿಕೊಂಡದ್ದು ಈ ತಡೆಯಿಂದ. ಲಕ್ಷದ್ವೀಪದ ಜೊತೆಗಿನ ಸಂಬಂಧ ಇದರ ಅತಿ ಉದ್ದದ ಅಧ್ಯಾಯ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ದ್ವೀಪಗಳು 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಮಂಗಳೂರಿನಿಂದಲೇ ಆಳಲ್ಪಡುತ್ತಿದ್ದ ದಕ್ಷಿಣ ಕನ್ನಡ ಜಿಲ್ಲೆಯ ಭಾಗ. ದ್ವೀಪದವರು ತೆಂಗಿನ ನಾರಿನ ಹುರಿ ತಂದು ಇಲ್ಲಿಯ ಸರಕಾರಿ ಕೋಠಿಗೆ ಕೊಟ್ಟು, ಬದಲಿಗೆ ಅಕ್ಕಿ ಒಯ್ಯುತ್ತಿದ್ದರು. ಮಳೆಗಾಲಕ್ಕೆ ಮೊದಲು ತಲುಪದಿದ್ದರೆ ದ್ವೀಪದಲ್ಲಿ ಅಕ್ಕಿಯಿಲ್ಲ. ಇವತ್ತಿಗೂ ಹಳೇ ಬಂದರಿನಿಂದ ಮಂಜಿಗಳು ತರಕಾರಿ, ದಿನಸಿ, ಸಿಮೆಂಟು, ಕಲ್ಲು ಹೇರಿಕೊಂಡು ದ್ವೀಪಗಳಿಗೆ ಹೋಗುತ್ತವೆ, ಮಳೆಗಾಲದಲ್ಲಿ ನಿಲ್ಲುತ್ತವೆ. ಗಾಳಿಯ ಪಂಚಾಂಗ ಪೂರ್ತಿ ಹಳೆಯ ಮಾತಾಗಿಲ್ಲ ಎಂಬುದಕ್ಕೆ ಮೇ ಕೊನೆಯಲ್ಲಿ ಧಕ್ಕೆಗೆ ಕಟ್ಟಿಹಾಕಿದ ಮಂಜಿಗಳೇ ಸಾಕ್ಷಿ. 1865ರಲ್ಲಿ ಜೆಪ್ಪುವಿನಲ್ಲಿ ಬಾಸೆಲ್ ಮಿಶನ್ನಿನ ಜಾರ್ಜ್ ಪ್ಲೆಬ್ಸ್ಟ್ ಶುರುಮಾಡಿದ ಹೆಂಚಿನ ಕಾರ್ಖಾನೆಯನ್ನೂ ಈ ಚೌಕಟ್ಟಿನಲ್ಲೇ ನೋಡಬೇಕು. ಆವೆಮಣ್ಣು ನದಿಯ ದಡದಲ್ಲಿತ್ತು, ದೋಣಿಯಲ್ಲಿ ಬರುತ್ತಿತ್ತು; ಸುಟ್ಟ ಹೆಂಚು ಮಂಜಿಯಲ್ಲಿ ಹೋಗುತ್ತಿತ್ತು. ಸರಕನ್ನು ಮಳೆಯಿಂದ ಕಾಯಬೇಕಾಗಿದ್ದ ಊರೇ ಕೊನೆಗೆ ಮಾಡಿನ ಹೆಂಚನ್ನು ಜಗತ್ತಿಗೆ ಕಳಿಸುವ ಊರಾಯಿತು.

ಎರಡನೆಯ ಆಕ್ಷೇಪ ಪ್ರವಾಸಿಗಳ ಕುರಿತದ್ದು. ಇಬ್ನ್ ಬತೂತನೇ ಇಲ್ಲಿ ನಿಂತದ್ದು ಮೂರು ದಿನ. 1443ರಲ್ಲಿ ಪಾರಸಿಯ ಅರಸ ಶಾರುಖನ ರಾಯಭಾರಿಯಾಗಿ ವಿಜಯನಗರಕ್ಕೆ ಹೊರಟ ಅಬ್ದುರ್ ರಜಾಕ್ ಮಂಗಳೂರಿನಲ್ಲಿ ಇಳಿದು ಎರಡು ಮೂರು ದಿನಗಳಲ್ಲೇ ಘಟ್ಟದ ದಾರಿ ಹಿಡಿದ. ಹಾಗಿರುವಾಗ ಇಂದಿನ ಹಡಗಿನ ಪ್ರಯಾಣಿಕರ ಅವಸರವನ್ನು ಮಾತ್ರ ಎತ್ತಿ ಆಡುವುದು ಎಷ್ಟು ನ್ಯಾಯ? ನಾನು ಅವರ ಅವಸರವನ್ನು ದೂರುತ್ತಿಲ್ಲ. ಮೂರು ದಿನದ ಬತೂತನಿಗೆ ಊರು ಅರ್ಥವಾದದ್ದು ವರ್ಷಗಟ್ಟಲೆ ನಿಂತಿದ್ದ ಕಾಜಿಯೊಬ್ಬ ಹಡಗಿನ ತನಕ ಬಂದು ಮಾತನಾಡಿಸಿದ್ದರಿಂದ. ಕಡಿಮೆ ಹೊತ್ತು ಸಾಕಾಗಬಹುದು, ಆ ಹೊತ್ತನ್ನು ನಿಂತವರ ನಡುವೆ ಕಳೆದರೆ. ನಡೆದು ಹೋಗುವವನಿಗೆ ಏನು ದಕ್ಕುತ್ತದೆ ಎಂಬುದಕ್ಕೆ ಇಟಲಿಯ ಪಿಯೆತ್ರೊ ದೆಲ್ಲಾ ವಾಲೆಯ ಉದಾಹರಣೆ ಇದೆ. 1623ರ ಕೊನೆಗೆ ಮಂಗಳೂರಿನಲ್ಲಿದ್ದ ಅವನು ಉಳ್ಳಾಲದ ರಾಣಿಯನ್ನು ನೋಡಬೇಕೆಂದು ಮಣೇಲಿಗೆ ಹೋದ. ಆಸ್ಥಾನದಲ್ಲಿ ಕಾಣಬೇಕೆಂದುಕೊಂಡವನಿಗೆ ಆಕೆ ಸಿಕ್ಕಿದ್ದು ಬೀದಿಯಲ್ಲಿ, ಬರಿಗಾಲಲ್ಲಿ ನಡೆದು, ನೀರಿನ ಕಾಲುವೆ ತೋಡಿಸುವ ಕೆಲಸ ನೋಡಿ ಬರುತ್ತಿದ್ದಾಗ. ನಾಲ್ಕು ನೂರು ವರ್ಷಗಳ ಮೇಲೂ ತುಳುನಾಡಿನ ಅರಸೊತ್ತಿಗೆಯ ಬಗ್ಗೆ ಆ ಬೀದಿಯ ಭೇಟಿ ಹೇಳುವಷ್ಟನ್ನು ಯಾವ ಶಾಸನವೂ ಹೇಳುವುದಿಲ್ಲ.

ಕಾಯುವಿಕೆ ಮುಗಿದದ್ದು ಯಾವಾಗ? 19ನೆಯ ಶತಮಾನದ ಉಗಿಹಡಗು ಗಾಳಿಯ ಹಂಗನ್ನು ತೊರೆಯಿತು, ಆದರೆ ಅಳಿವೆಯ ಹಂಗನ್ನು ತೊರೆಯಲಿಲ್ಲ. ಮಳೆಗಾಲದಲ್ಲಿ ಅದಕ್ಕೂ ಇಲ್ಲಿ ನೆಲೆಯಿರಲಿಲ್ಲ. 1907ರಲ್ಲಿ ರೈಲು ಬಂದು ಮಳೆಯಲ್ಲೂ ಸರಕು ಹೋಗುವಂತಾಯಿತು. ಇಷ್ಟಾದರೂ ಹಡಗು ಮತ್ತು ಪೇಟೆ ಒಂದಕ್ಕೊಂದು ಕಾಣುವಷ್ಟು ಹತ್ತಿರವೇ ಇದ್ದವು. ನಿಜವಾದ ಅಗಲಿಕೆ ಪಣಂಬೂರಿನದು. 1962ರಲ್ಲಿ ಕೆಲಸ ಶುರುವಾಗಿ, 1974ರ ಮೇ 4ರಂದು ದೇಶದ ಒಂಬತ್ತನೆಯ ಪ್ರಮುಖ ಬಂದರೆಂದು ಘೋಷಣೆಯಾಗಿ, 1975ರ ಜನವರಿಯಲ್ಲಿ ಇಂದಿರಾ ಗಾಂಧಿಯವರಿಂದ ಉದ್ಘಾಟನೆಗೊಂಡ ನವಮಂಗಳೂರು ಬಂದರು ನೆಲವನ್ನೇ ತೋಡಿ ಮಾಡಿದ ಸರ್ವಋತು ಬಂದರು. ಅದಕ್ಕಾಗಿ ಮನೆ ಗದ್ದೆ ಬಿಟ್ಟುಕೊಟ್ಟವರು ಕಾಟಿಪಳ್ಳ, ಕೃಷ್ಣಾಪುರಗಳಿಗೆ ಹೋಗಿ ನೆಲೆಸಿದರು. ಈ ಕರಾವಳಿಯ ಚರಿತ್ರೆಯಲ್ಲಿ ಜುಲೈ ತಿಂಗಳಲ್ಲೂ ಮಂಗಳೂರಿಗೆ ದೊಡ್ಡ ಹಡಗು ಬರುವುದು ಅಂದಿನಿಂದ ಶುರುವಾಯಿತು. 1498, 1799 ಎಂಬ ವರ್ಷಗಳನ್ನು ನಮ್ಮ ಮಕ್ಕಳು ಬಾಯಿಪಾಠ ಮಾಡುತ್ತಾರೆ. ಬಂದರು ಊರಿನ ದೃಷ್ಟಿಯಿಂದ 1974 ಅವುಗಳಿಗಿಂತ ದೊಡ್ಡ ತಿರುವು. ವಾಸ್ಕೋ ಡ ಗಾಮನ ನಂತರವೂ, ಟಿಪ್ಪುವಿನ ನಂತರವೂ ಬಂದರಿನವರು ಮಳೆಗಾಲದಲ್ಲಿ ಕಾದರು. 1974ರ ನಂತರ ದೊಡ್ಡ ಹಡಗಿಗೆ ಊರಿನ ಅಗತ್ಯವೇ ಉಳಿಯಲಿಲ್ಲ. ಅದಿರು, ತೈಲ, ಗೊಬ್ಬರ ಪೇಟೆಯನ್ನು ನೋಡದೆಯೇ ಹೋಗುತ್ತವೆ. ಪ್ರವಾಸಿ ಹಡಗಿನ ಪ್ರಯಾಣಿಕರೂ ಅದೇ ದಾರಿಯಲ್ಲಿ ಬರುತ್ತಾರೆ, ಆದ್ದರಿಂದ ಅವರ ಕಣ್ಣಿಗೂ ಪೇಟೆ ಬೀಳುವುದಿಲ್ಲ. ಕೊಚ್ಚಿಯಲ್ಲೂ ಆಧುನಿಕ ಬಂದರು ಹಳೇ ಪೇಟೆಯಿಂದ ಬೇರೆಯಾಯಿತು. ಹೂಳೆತ್ತಿದ ಮಣ್ಣಿನಿಂದ ವಿಲಿಂಗ್ಡನ್ ದ್ವೀಪ ಕಟ್ಟಿ ಹಡಗುಗಳನ್ನು ಅಲ್ಲಿಗೆ ತಂದರು. ಆದರೆ ಅಲ್ಲಿಂದ ಮಟ್ಟಾಂಚೇರಿ ಹತ್ತಿರ, ಇಳಿದವರು ನೇರ ಹಳೇ ಊರಿಗೆ ಹೋಗುತ್ತಾರೆ. ಪಣಂಬೂರಿಗೂ ಬಂದರಿಗೂ ಸುಮಾರು ಹತ್ತು ಕಿಲೋಮೀಟರ್ ದೂರ, ನಡುವೆ ಹೆದ್ದಾರಿ.

ಹಳೆಯ ಕಾಯುವಿಕೆಯನ್ನು ಹಾಡಿ ಹೊಗಳಬೇಕೆಂಬುದು ಇದರ ಅರ್ಥವಲ್ಲ. ನಾಲ್ಕು ತಿಂಗಳು ಕೆಲಸವಿಲ್ಲದ ಖಲಾಸಿ ಸಾಲದಲ್ಲಿ ಬದುಕುತ್ತಿದ್ದ. ಬೆಂಗರೆಯ ಮೀನುಗಾರ ಮನೆಗಳಿಗೆ ಮಳೆಗಾಲವೆಂದರೆ ಅರೆಹೊಟ್ಟೆ. ಸರ್ವಋತು ಬಂದರು ಜಿಲ್ಲೆಗೆ ತಂದ ಉದ್ಯೋಗವನ್ನು ಯಾರೂ ಬೇಡವೆನ್ನಲಾರರು, ಹೂಳು ತುಂಬುವ ಅಳಿವೆಯಲ್ಲಿ ಇಂದಿನ ಹಡಗನ್ನು ತರಿಸಿಕೊಳ್ಳುವುದು ಸಾಧ್ಯವೂ ಇರಲಿಲ್ಲ. ಇತಿಹಾಸಕಾರರು ಎತ್ತಬಹುದಾದ ಪ್ರಶ್ನೆ ಇದಕ್ಕಿಂತ ಗಂಭೀರ: ಬೀದಿಯಲ್ಲಿ ನಡೆದು ಕಂಡದ್ದು ಸಾಕ್ಷ್ಯವಾಗುತ್ತದೆಯೇ, ಪತ್ರ ಶಾಸನಗಳಿರುವಾಗ ನಡಿಗೆ ಯಾಕೆ? ಉತ್ತರ ಇಲ್ಲಿಯ ಹವೆಯಲ್ಲಿದೆ. ಬೆನ್ ಯಿಜುವಿನ ಕಾಗದ ಉಳಿದದ್ದು ಈಜಿಪ್ಟಿನ ಒಣ ಗಾಳಿಯಲ್ಲಿ. ಇಲ್ಲಿಯ ತೇವ, ಗೆದ್ದಲು ಕಾಗದವನ್ನೂ ಓಲೆಯನ್ನೂ ಉಳಿಸಿಕೊಡುವುದು ಅಪರೂಪ. ಮಂಗಳೂರಿನ ಪೇಟೆಯವರು ಶತಮಾನಗಳ ಕಾಲ ಬರೆದಿಟ್ಟ ಲೆಕ್ಕಗಳಲ್ಲಿ ನಮ್ಮ ಕೈಗೆ ಬಂದಿರುವುದು ತೀರ ಅಲ್ಪ. ಹಾಗಾಗಿ ಗಲ್ಲಿಯ ತಿರುವು, ಗೋದಾಮಿನ ಗೋಡೆ, ಮಸೀದಿಗೂ ದೇವಸ್ಥಾನಕ್ಕೂ ನಡುವಿನ ದೂರ, ಇವೇ ಇಲ್ಲಿಯ ದಫ್ತರ. ಅವನ್ನು ಓದಲು ಬೇರೆ ಉಪಾಯವಿಲ್ಲ.

ಇದನ್ನು ಒಪ್ಪುವುದಾದರೆ ಹಡಗಿನಿಂದ ಇಳಿದವರ ದಿನವನ್ನು ಬೇರೆ ರೀತಿಯಲ್ಲಿ ಹೊಂದಿಸಬಹುದು. ಪಣಂಬೂರಿನಿಂದ ಕಡಲಂಚಿನ ತಣ್ಣೀರುಬಾವಿಗೆ ಬಂದು, ಅಲ್ಲಿಂದ ದೋಣಿಯಲ್ಲಿ ಗುರುಪುರ ನದಿ ದಾಟಿದರೆ ಸುಲ್ತಾನ್ ಬತ್ತೇರಿ. ಬೋಳೂರು, ಕುದ್ರೋಳಿ ಹಾಯ್ದು ಬಂದರಿಗೆ, ಬಂದರಿನಿಂದ ರಥಬೀದಿಗೆ ನಡೆಯುವ ದಾರಿ ಅಷ್ಟೇನೂ ಉದ್ದವಲ್ಲ. ಊರನ್ನು ನದಿಯ ಕಡೆಯಿಂದ ಪ್ರವೇಶಿಸುವುದು ಹಳಬರ ಕ್ರಮವೂ ಹೌದು. ಬಂದರ್ ಇನ್ನೂ ದುಡಿಯುವ ಸಗಟು ಪೇಟೆ, ಗುಂಪುಗುಂಪಾಗಿ ಬಂದವರು ಹೊರೆಯಾಳುಗಳ ದಾರಿಗೆ ಅಡ್ಡವಾಗುತ್ತಾರೆ ಎಂಬ ಆತಂಕ ಸರಿಯಾದದ್ದೇ. ಅದಕ್ಕಾಗಿ ಸಣ್ಣ ತಂಡಗಳಲ್ಲಿ, ಲಾರಿಗಳ ಭರಾಟೆ ಇಳಿದ ಹೊತ್ತಿನಲ್ಲಿ, ಪೇಟೆಯಲ್ಲೇ ಬೆಳೆದ ಯಾರಾದರೊಬ್ಬರ ಜೊತೆ ಹೋಗಬೇಕಾಗುತ್ತದೆ. ಆದರೆ ಪ್ರವಾಸಿಗಳಿಗಿಂತ ಮೊದಲು ಈ ನಡಿಗೆ ಬೇಕಾಗಿರುವುದು ನಮಗೆ. ರಸ್ತೆ ಅಗಲವಾದಾಗ ಮೊದಲು ಬೀಳುವುದು ಬೀದಿಗೆ ಮೈತಾಗಿಸಿ ನಿಂತ ಈ ಮುರಕಲ್ಲಿನ ಗೋದಾಮುಗಳು. ಯಾವ ಗೋದಾಮು ಯಾರದ್ದಾಗಿತ್ತು, ಯಾವ ಸರಕಿಗಾಗಿ ಅಟ್ಟ ಕಟ್ಟಿದ್ದರು, ಮಳೆಗಾಲಕ್ಕೆ ಮೊದಲು ಬಾಗಿಲಿಗೆ ಏನು ಹಚ್ಚುತ್ತಿದ್ದರು, ದ್ವೀಪದಿಂದ ಬಂದವರು ಎಲ್ಲಿ ಮಲಗುತ್ತಿದ್ದರು ಎಂಬುದನ್ನು ಬಲ್ಲ ಹಿರಿಯ ಮಂಡಿಯವರು, ತಂಡೇಲರು, ಹೊರೆಯಾಳುಗಳು ಇನ್ನೂ ಬಂದರಿನಲ್ಲಿದ್ದಾರೆ. ಅವರ ಜೊತೆ ಒಂದೊಂದೇ ಗಲ್ಲಿ ನಡೆದು, ಒಂದೊಂದೇ ಕಟ್ಟಡದ ನಕ್ಷೆ ತೆಗೆದು ಬರೆದಿಡುವ ಕೆಲಸವನ್ನು ಈ ಊರಿನ ಕಾಲೇಜುಗಳ ಇತಿಹಾಸ ವಿಭಾಗಗಳು ಮುಂದಿನ ಮಳೆಗಾಲಕ್ಕೆ ಮೊದಲೇ ಕೈಗೆತ್ತಿಕೊಳ್ಳಬಹುದು.